ಹನ್ನೊಂದನೆಯವ ಯಾರು?

ದೊಡ್ಡ ಪಂದ್ಯ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಕಟ್ಟು ದಪ್ಪಗಾಗುತ್ತದೆ. ಮುಕ್ಕಾಲು ಪಾಲು ಪತ್ರಗಳದ್ದು ಒಂದೇ ಮಾತು: ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು. ಇಪ್ಪತ್ತು ವರ್ಷ ಹಳೆಯ ಗಾಯಗಳನ್ನು ಕೆದಕಿದವರೂ ಇದ್ದಾರೆ. ಆಯ್ದ ಪ್ರಶ್ನೆಗಳಿಗೆ ಕ್ರೀಡಾ ವಿಭಾಗದವರ ಉತ್ತರ ಇಲ್ಲಿದೆ. ಬೈಗುಳಗಳನ್ನು ಮಾತ್ರ ತೆಗೆದಿದ್ದೇವೆ.

ಗೆಳೆಯರು ಸೇರಿದರೆ ಒಬ್ಬೊಬ್ಬರದು ಒಂದೊಂದು ತಂಡ. ಜಗಳ ಮುಗಿಯುವುದೇ ಇಲ್ಲ. ಏಕದಿನ ಪಂದ್ಯಕ್ಕೆ ಹನ್ನೊಂದು ಜನರನ್ನು ಬರೆಯಲು ಸರಿಯಾದ ಕ್ರಮ ಅಂತ ಒಂದಿದೆಯೇ?
— ತಿಪಟೂರು

ಇದೆ. ಬಹಳಷ್ಟು ಜನ ಪಟ್ಟಿಯನ್ನು ಮೇಲಿನಿಂದ ಬರೆಯುತ್ತಾರೆ. ಆರಂಭಿಕರು, ಮೂರನೆಯವ, ನಾಲ್ಕನೆಯವ ಅಂತ ಇಷ್ಟದ ಬ್ಯಾಟರ್‌ಗಳನ್ನೆಲ್ಲ ತುಂಬಿಸಿ ಏಳನೇ ಹೆಸರಿಗೆ ಬರುವಷ್ಟರಲ್ಲಿ ನಾಲ್ಕೇ ಜಾಗ ಉಳಿದಿರುತ್ತದೆ. ಆ ನಾಲ್ವರ ತಲೆಯ ಮೇಲೆ 50 ಓವರ್ ಹೊರಿಸಬೇಕು. ಜಗಳ ಶುರುವಾಗುವುದೇ ಅಲ್ಲಿ. ಪಟ್ಟಿಯನ್ನು ಕೆಳಗಿನಿಂದ ಬರೆಯಿರಿ.

ಒಂದು ಹಾಳೆಯಲ್ಲಿ 1ರಿಂದ 50ರವರೆಗೆ ಓವರ್‌ಗಳನ್ನು ಬರೆದು ಮೂರು ತುಂಡು ಮಾಡಿ. ಮೊದಲ 10ರಲ್ಲಿ ಮೈದಾನದಲ್ಲಿ ಗುರುತು ಮಾಡಿದ ಒಳವೃತ್ತದ ಹೊರಗೆ ಇಬ್ಬರೇ ಫೀಲ್ಡರ್. 11ರಿಂದ 40ರವರೆಗೆ ನಾಲ್ವರು. ಕೊನೆಯ ಹತ್ತಕ್ಕೆ ಐವರು. ಈಗ ಪ್ರತಿ ಓವರಿನ ಮುಂದೆ ಒಬ್ಬ ಬೌಲರ್‌ನ ಹೆಸರು ಬರೆಯಿರಿ. ಒಬ್ಬರಿಗೆ 10 ದಾಟುವಂತಿಲ್ಲ. ಹೊಸ ಚೆಂಡು ಹಾಕುವ ಇಬ್ಬರೇ ಕೊನೆಯ ಹತ್ತನ್ನೂ ಹಾಕುವವರಾದರೆ, ಆರಂಭದಲ್ಲಿ ತಲಾ ಐದು, ಕೊನೆಯಲ್ಲಿ ತಲಾ ಐದು. ಅವರ ಕೋಟಾ ಮುಗಿಯಿತು. ನಡುವಿನ 30 ಓವರ್ ಉಳಿದ ಮೂವರಿಗೆ ಸರಿಯಾಗಿ ಹತ್ತತ್ತು ಬರುತ್ತದೆ. ಕಾಗದದ ಮೇಲೆ ಚೊಕ್ಕವಾಗಿದೆ. ಆದರೆ ಆ ಮೂವರಲ್ಲಿ ಒಬ್ಬನಿಗೆ ಏಟು ಬಿದ್ದರೆ ಅವನನ್ನು ಬಚ್ಚಿಡಲು ಜಾಗವೇ ಇಲ್ಲ. ನಾಲ್ಕೈದು ಓವರ್ ಹಾಕಬಲ್ಲ ಆರನೆಯವನಿಗಾಗಿ ಎಲ್ಲ ನಾಯಕರೂ ಹಂಬಲಿಸುವುದು ಇದಕ್ಕೇ.

2025ರ ಜುಲೈಯಿಂದ ಇನ್ನೊಂದು ಲೆಕ್ಕ ಸೇರಿದೆ. ಏಕದಿನದಲ್ಲಿ ಎರಡು ಹೊಸ ಚೆಂಡುಗಳು 34ನೇ ಓವರಿನವರೆಗೆ ಮಾತ್ರ. ಆಮೇಲೆ ಬೌಲಿಂಗ್ ತಂಡ ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಅದರಲ್ಲೇ ಹಾಕಬೇಕು. ಹಿಂದೆ 50ನೇ ಓವರಿನಲ್ಲೂ ಪ್ರತಿ ಚೆಂಡಿಗೆ 25 ಓವರಿನ ವಯಸ್ಸಷ್ಟೇ ಆಗಿರುತ್ತಿತ್ತು, ಹೊಳಪು ಇನ್ನೂ ಇರುತ್ತಿತ್ತು. ಈಗ ಕೊನೆಯಲ್ಲಿ ಸವೆದ ಚೆಂಡು ಸಿಗುತ್ತದೆ. ಹಳೆಯ ಚೆಂಡನ್ನು ರಿವರ್ಸ್ ಮಾಡಬಲ್ಲವನಿಗೆ, ಅಂದರೆ ಗಾಳಿಯಲ್ಲಿ ಉಲ್ಟಾ ದಿಕ್ಕಿಗೆ ಬಾಗಿಸಬಲ್ಲವನಿಗೆ, 40ರ ನಂತರವೂ ಧೈರ್ಯವಾಗಿ ಹಾಕುವ ಸ್ಪಿನ್ನರ್‌ಗೆ ಬೆಲೆ ಬಂದಿದೆ.

ಓವರ್ ತುಂಬಿದ ಮೇಲೆ ವಿಕೆಟ್‌ಕೀಪರ್, ಆಮೇಲೆ ಬ್ಯಾಟರ್‌ಗಳು. ಕೊನೆಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾಲ್ಕು ವಿಕೆಟಿಗೆ 24 ಆದಾಗ ಕ್ರೀಸಿಗೆ ಬರುವವನು ಯಾರು? ಮೂರು ಓವರಿಗೆ 30 ರನ್ ಕೊಟ್ಟ ಬೌಲರ್‌ನ ಉಳಿದ ಏಳು ಓವರ್ ಯಾರು ಹಾಕುತ್ತಾರೆ? ಇವೆರಡಕ್ಕೂ ಹೆಸರು ಸಿಕ್ಕರೆ ನಿಮ್ಮ ತಂಡ ನಿಂತಿತು. ಆಮೇಲೂ ಗೆಳೆಯರು ಒಪ್ಪದಿದ್ದರೆ ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

2003ರ ವಿಶ್ವಕಪ್ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ ಅವರನ್ನು ಹೊರಗೆ ಕೂರಿಸಿದ್ದು ಸರಿಯೇ? ಅವರಿದ್ದಿದ್ದರೆ ಆಸ್ಟ್ರೇಲಿಯಾ 359 ಹೊಡೆಯುತ್ತಿತ್ತೇ?
— ಬಸವನಗುಡಿ, ಬೆಂಗಳೂರು

ಬಸವನಗುಡಿಯಿಂದ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಅಂಕಿ-ಅಂಶ ಮುಂದಿಟ್ಟುಕೊಂಡು ನೋಡೋಣ. ಜೋಹಾನೆಸ್‌ಬರ್ಗ್, 2003ರ ಮಾರ್ಚ್ 23. ಟಾಸ್ ಗೆದ್ದ ಸೌರವ್ ಗಂಗೂಲಿ ಫೀಲ್ಡಿಂಗ್ ಆರಿಸಿಕೊಂಡರು. ರಾಹುಲ್ ದ್ರಾವಿಡ್ ಕೀಪರ್ ಗ್ಲೌಸ್ ತೊಟ್ಟಿದ್ದರಿಂದ ಏಳು ಬ್ಯಾಟರ್, ನಾಲ್ಕು ಬೌಲರ್‌ಗಳ ತಂಡ ಅದು. ಜಹೀರ್, ಶ್ರೀನಾಥ್, ನೆಹ್ರಾ, ಹರಭಜನ್. ಐದನೇ ಬೌಲರ್‌ನ ಕೆಲಸವನ್ನು ಸೆಹ್ವಾಗ್, ತೆಂಡೂಲ್ಕರ್, ಮೊಂಗಿಯಾ, ಯುವರಾಜ್ ಹಂಚಿಕೊಳ್ಳಬೇಕಿತ್ತು.

ಈಗ ಲೆಕ್ಕ. ನಾಲ್ವರು ಮುಖ್ಯ ಬೌಲರ್‌ಗಳು 35 ಓವರಿಗೆ 260 ರನ್ ಕೊಟ್ಟರು, ಓವರಿಗೆ ಏಳಕ್ಕೂ ಹೆಚ್ಚು. ಬಿಡಿ ಬೌಲರ್‌ಗಳು ಹಾಕಿದ 15 ಓವರಿಗೆ ಹೋದದ್ದು 85, ಓವರಿಗೆ ಆರಕ್ಕೂ ಕಡಿಮೆ. ಏಟು ತಿಂದದ್ದು ವೇಗಿಗಳು: ಜಹೀರ್ 7 ಓವರಿಗೆ 67, ನಮ್ಮ ಶ್ರೀನಾಥ್ 10 ಓವರಿಗೆ 87. ಬಿದ್ದ ಎರಡೂ ವಿಕೆಟ್ ಹರಭಜನ್‌ಗೆ, ಅಂದರೆ ಸ್ಪಿನ್ನರ್‌ಗೆ. ಹೀಗಾಗಿ ಕುಂಬ್ಳೆ ಪರ ವಾದ ಮಾಡುವುದಾದರೆ "ಐದನೇ ಬೌಲರ್ ಆಗಿ ಬೇಕಿತ್ತು" ಎನ್ನುವುದಕ್ಕಿಂತ "ಒಬ್ಬ ವೇಗಿಯ ಬದಲು ಬೇಕಿತ್ತು" ಎನ್ನುವುದೇ ಗಟ್ಟಿ ವಾದ. ಎದುರು ವಾದವೂ ಇದೆ: ಅದೇ ಮೂವರು ವೇಗಿಗಳು ತಂಡವನ್ನು ಫೈನಲ್‌ವರೆಗೆ ತಂದಿದ್ದರು. ಫೈನಲ್ ದಿನ ಅವರಲ್ಲೊಬ್ಬರನ್ನು ಬಿಡುವ ಧೈರ್ಯ ಯಾವ ನಾಯಕನಿಗೂ ಸುಲಭವಲ್ಲ. ಪಾಂಟಿಂಗ್ ಔಟಾಗದೆ 140, ಮಾರ್ಟಿನ್ ಔಟಾಗದೆ 88 ಹೊಡೆದ ದಿನ ಒಬ್ಬ ಬೌಲರ್ ಬದಲಾಗಿದ್ದರೆ 125 ರನ್ನಿನ ಅಂತರ ಮುಚ್ಚುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ. ಅಂತರ ಕಡಿಮೆಯಾಗುತ್ತಿತ್ತು, ಅಷ್ಟೆ.

ಆಡುವ ಹನ್ನೊಂದನ್ನು ಆರಿಸುವವರು ಯಾರು? ಆಯ್ಕೆ ಸಮಿತಿಯವರೇ?
— ಗಂಗಾವತಿ

ಅಲ್ಲ. ಸಮಿತಿ ಆರಿಸುವುದು ತಂಡವನ್ನು. ಐಸಿಸಿ ಟೂರ್ನಿಗಳಲ್ಲಿ 15 ಜನ. ಅದರಿಂದ ಹನ್ನೊಂದು ತೆಗೆಯುವುದು ನಾಯಕ ಮತ್ತು ಕೋಚ್. ಆಯ್ಕೆಗಾರರನ್ನು ಬೈಯುವ ಮೊದಲು ನೀವು ಕೇಳುತ್ತಿರುವ ಆಟಗಾರ ಆ 15ರಲ್ಲಿ ಇದ್ದನೇ ನೋಡಿ. ಇದ್ದೂ ಆಡದಿದ್ದರೆ ವಿಳಾಸ ಬೇರೆ.

ಬೆಂಗಳೂರಿನಲ್ಲೇ 46ಕ್ಕೆ ಆಲೌಟ್ ಆದೆವಲ್ಲ, ಅದು ತಂಡದ ಆಯ್ಕೆಯ ತಪ್ಪೋ ಟಾಸ್ ತಪ್ಪೋ?
— ರಾಜಾಜಿನಗರ, ಬೆಂಗಳೂರು

ಎರಡೂ ಒಂದೇ ತಪ್ಪಿನ ಎರಡು ಮುಖ. ನ್ಯೂಜಿಲೆಂಡ್ ವಿರುದ್ಧದ ಆ ಟೆಸ್ಟ್‌ನಲ್ಲಿ 2024ರ ಅಕ್ಟೋಬರ್ 16ರ ಮೊದಲ ದಿನ ಮಳೆಗೆ ಹೋಯಿತು. ಪಿಚ್ ಹೊದಿಕೆಯ ಕೆಳಗೇ ಇತ್ತು. 17ರ ಬೆಳಿಗ್ಗೆ ಮೋಡ ಹಾಗೇ ಇತ್ತು. ಹೊದಿಕೆಯ ಕೆಳಗಿದ್ದ ಪಿಚ್‌ಗೆ ಬಿಸಿಲು, ಗಾಳಿ ಸೋಕದೆ ತೇವ ಒಳಗೇ ನಿಲ್ಲುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಚೆಂಡು ಸೀಮ್ (ಹೊಲಿಗೆ) ಮೇಲೆ ಬಿದ್ದಾಗ ಕಚ್ಚಿ ತಿರುಗುತ್ತದೆ. ಇಂಥ ಬೆಳಿಗ್ಗೆ ಭಾರತ ಆಕಾಶ್ ದೀಪ್ ಅವರನ್ನು ಬಿಟ್ಟು ಕುಲದೀಪ್ ಯಾದವ್ ಅವರನ್ನು ಮೂರನೇ ಸ್ಪಿನ್ನರ್ ಆಗಿ ತೆಗೆದುಕೊಂಡಿತು. ಮೂವರು ಸ್ಪಿನ್ನರ್ ಇರುವ ತಂಡ ಕೊನೆಯ ಇನಿಂಗ್ಸ್‌ನಲ್ಲಿ ಬೌಲ್ ಮಾಡಲು ಬಯಸುತ್ತದೆ. ಹಾಗಾಗಿ ಟಾಸ್ ಗೆದ್ದಾಗ ಬ್ಯಾಟಿಂಗ್ ಬಿಟ್ಟು ಬೇರೆ ತೋಚಲಿಲ್ಲ. ಹನ್ನೊಂದು ಹೆಸರು ಬರೆದಾಗಲೇ ಟಾಸ್‌ನ ನಿರ್ಧಾರವೂ ಮುಕ್ಕಾಲು ಆಗಿಹೋಗಿರುತ್ತದೆ ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮ್ಯಾಟ್ ಹೆನ್ರಿ 15ಕ್ಕೆ 5, ವಿಲ್ ಓರೂರ್ಕ್ 22ಕ್ಕೆ 4. ಐವರು ಸೊನ್ನೆ, ಅವರಲ್ಲಿ ಕೆ.ಎಲ್. ರಾಹುಲ್ ಕೂಡ ಒಬ್ಬರು, ಅದೂ ತವರಿನಲ್ಲಿ. ಪಿಚ್ ಓದುವುದರಲ್ಲಿ ಎಡವಿದೆ ಎಂದು ನಾಯಕ ರೋಹಿತ್ ಅಂದೇ ಒಪ್ಪಿಕೊಂಡರು. ನ್ಯೂಜಿಲೆಂಡ್ 402 ಮಾಡಿತು, ಅದರಲ್ಲಿ 134 ಬೆಂಗಳೂರು ಮೂಲದ ತಂದೆ-ತಾಯಿಯ ಮಗ ರಚಿನ್ ರವೀಂದ್ರ ಅವರದು.

ಎರಡನೇ ಇನಿಂಗ್ಸ್ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಸರ್ಫರಾಜ್ ಖಾನ್ 150, ರಿಷಭ್ ಪಂತ್ 99. ಮೂರು ವಿಕೆಟಿಗೆ 408 ಇದ್ದ ತಂಡ ಎರಡನೇ ಹೊಸ ಚೆಂಡು ಬಂದ ಮೇಲೆ 462ಕ್ಕೆ ಮುಗಿಯಿತು. 54 ರನ್ನಿಗೆ ಏಳು ವಿಕೆಟ್. ನಾಲ್ಕನೇ ದಿನವೂ ಆ ಪಿಚ್ ಹೊಸ ಚೆಂಡಿನ ಬೌಲರ್‌ಗಳದ್ದೇ ಆಗಿತ್ತು. ಚಿನ್ನಸ್ವಾಮಿಯಲ್ಲಿ ಮಳೆಗಾಲದ ಬಾಲ ಇನ್ನೂ ಇರುವಾಗ ಟೆಸ್ಟ್ ಇದ್ದರೆ ಮೂರನೇ ವೇಗಿಯನ್ನು ಬಿಡಬೇಡಿ. ಎರಡು ದಿನ ಸತತ ಬಿಸಿಲು ಬಿದ್ದಿದ್ದರೆ ಆಗ ಮಾತು ಬೇರೆ.

2021ರ ಟೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ಗೆ ನಮ್ಮವರು ಹಿಂದಿನ ದಿನವೇ ತಂಡ ಹೇಳಿಬಿಟ್ಟರು. ಆಮೇಲೆ ಮಳೆ ಬಂತು. ಒಮ್ಮೆ ಹೇಳಿದ ಮೇಲೆ ಬದಲಾಯಿಸುವಂತಿರಲಿಲ್ಲವೇ?
— ಕುಮಟಾ

ಧಾರಾಳವಾಗಿ ಬದಲಾಯಿಸಬಹುದಿತ್ತು. ನಿಯಮಕ್ಕೆ ಮಾಧ್ಯಮ ಪ್ರಕಟಣೆ ಲೆಕ್ಕಕ್ಕಿಲ್ಲ. ಟಾಸ್‌ಗೆ ಮೊದಲು ನಾಯಕ ಲಿಖಿತವಾಗಿ ಕೊಡುವ ಹಾಳೆಯೇ ಅಂತಿಮ. ಅದರಲ್ಲಿ ಹನ್ನೊಂದು ಆಟಗಾರರು, ಜೊತೆಗೆ ನಾಲ್ವರವರೆಗೆ ಬದಲಿ ಫೀಲ್ಡರ್‌ಗಳ ಹೆಸರಿರುತ್ತದೆ. ಆ ಹಾಳೆ ಕೊಟ್ಟ ನಂತರ ಎದುರಾಳಿ ನಾಯಕ ಒಪ್ಪದೆ ಒಂದು ಹೆಸರೂ ಅಲುಗುವುದಿಲ್ಲ.

ಸೌತಾಂಪ್ಟನ್‌ನಲ್ಲಿ ಜೂನ್ 17ರ ಸಂಜೆ ಪ್ರಕಟವಾದ ತಂಡದಲ್ಲಿ ಅಶ್ವಿನ್, ಜಡೇಜ ಇಬ್ಬರೂ ಇದ್ದರು. 18 ಪೂರ್ತಿ ಮಳೆ. 19ರಂದು ಟಾಸ್ ಆಗುವಾಗ ನ್ಯೂಜಿಲೆಂಡ್ ಕೊಟ್ಟ ಹಾಳೆಯಲ್ಲಿ ಐವರು ವೇಗಿಗಳು, ಪೂರ್ಣಾವಧಿ ಸ್ಪಿನ್ನರ್ ಒಬ್ಬರೂ ಇಲ್ಲ. ಭಾರತ ಹಳೆಯ ಹನ್ನೊಂದನ್ನೇ ಇಟ್ಟುಕೊಂಡಿತು. ಅಶ್ವಿನ್ ನಾಲ್ಕು ವಿಕೆಟ್ ಪಡೆದರು, ಅವರನ್ನು ಆಡಿಸಿದ್ದರಲ್ಲಿ ತಪ್ಪಿಲ್ಲ. ಪ್ರಶ್ನೆ ಇದ್ದದ್ದು ಜಡೇಜ ಜಾಗದ ಬಗ್ಗೆ. ಅವರಿಂದ ಸಿಕ್ಕಿದ್ದು ಒಂದು ವಿಕೆಟ್, ಹಾಕಿದ ಓವರ್‌ಗಳೂ ಕಡಿಮೆ. ಮೊದಲ ದಿನ ಹೋದರೆ ಪಿಚ್ ಒಡೆಯಲು ಬೇಕಾದ ಕಾಲವೂ ಹೋಗುತ್ತದೆ. ಎರಡನೇ ಸ್ಪಿನ್ನರ್‌ಗೆ ಬರಬೇಕಾದ ಕೆಲಸವೇ ಬರುವುದಿಲ್ಲ. ಆ ಜಾಗದಲ್ಲಿ ಇನ್ನೊಬ್ಬ ಬ್ಯಾಟರ್ ಅಥವಾ ನಾಲ್ಕನೇ ವೇಗಿ ಇರಬೇಕಿತ್ತು ಎಂದು ನಾವು ಆಗಲೂ ಹೇಳಿದ್ದೆವು, ಈಗಲೂ ಹೇಳುತ್ತೇವೆ.

ಹಾಗಿದ್ದರೆ 2023ರ ಓವಲ್ ಫೈನಲ್‌ನಲ್ಲಿ ಅಶ್ವಿನ್ ಅವರನ್ನು ಬಿಟ್ಟು ನಾಲ್ವರು ವೇಗಿಗಳನ್ನು ಆಡಿಸಿದ್ದು ಸರಿಯೇ ತಾನೇ? ಅಲ್ಲೂ ಸೋತೆವಲ್ಲ!
— ಅದೇ ಕುಮಟಾದವರು, ಇನ್ನೊಂದು ಕಾಗದದಲ್ಲಿ

ಒಳ್ಳೆಯ ಪಟ್ಟು. ಸೌತಾಂಪ್ಟನ್ನಿನ ಬಿಸಿ ಹಾಲು ಕುಡಿದವರು ಓವಲ್‌ನಲ್ಲಿ ಮಜ್ಜಿಗೆಯನ್ನೂ ಊದಿ ಕುಡಿದರು. ಹಸಿರು ಪಿಚ್, ಮೋಡ. ಟಾಸ್ ಗೆದ್ದು ಬೌಲಿಂಗ್. ಆಸ್ಟ್ರೇಲಿಯಾ ಮೂರು ವಿಕೆಟಿಗೆ 76 ಆಗುವವರೆಗೂ ಆಯ್ಕೆ ಸರಿಯಾಗಿಯೇ ಕಂಡಿತು. ಆಮೇಲೆ ಬಿಸಿಲು ಬಂತು, ಚೆಂಡು ಮೆತ್ತಗಾಯಿತು, ಟ್ರಾವಿಸ್ ಹೆಡ್ 163, ಸ್ಟೀವ್ ಸ್ಮಿತ್ 121. ಇಬ್ಬರ ಜೊತೆಯಾಟ 285 ರನ್.

ಬೆಳಗಿನ ಆಕಾಶ ನೋಡಿ ಐದು ದಿನದ ತಂಡ ಮಾಡುವುದರ ತೊಂದರೆ ಇದು. ಮೋಡ ಎರಡು ಗಂಟೆಯಲ್ಲಿ ಚದುರಬಹುದು, ತಂಡದ ಹಾಳೆ ಐದು ದಿನ ಹಾಗೇ ಇರುತ್ತದೆ. ಆಸ್ಟ್ರೇಲಿಯಾದ ಮೊದಲ ಏಳು ಬ್ಯಾಟರ್‌ಗಳಲ್ಲಿ ವಾರ್ನರ್, ಖ್ವಾಜಾ, ಹೆಡ್, ಕ್ಯಾರಿ ಎಡಗೈಯವರು. ಎಡಗೈ ಬ್ಯಾಟರ್‌ನಿಂದ ಚೆಂಡನ್ನು ಹೊರಕ್ಕೆ ತಿರುಗಿಸುವ ಆಫ್‌ಸ್ಪಿನ್ನರ್, ಅದೂ ಆಗ ಟೆಸ್ಟ್ ಬೌಲರ್‌ಗಳ ಪಟ್ಟಿಯಲ್ಲಿ ಮೊದಲಿಗ, ಪೆವಿಲಿಯನ್‌ನಲ್ಲಿ ಕೂತಿದ್ದರು. ನಾಲ್ಕನೇ ವೇಗಿಯಾಗಿ ಬಂದ ಉಮೇಶ್ ಯಾದವ್‌ಗೆ ಮೊದಲ ಇನಿಂಗ್ಸ್‌ನಲ್ಲಿ 77 ರನ್ನಿಗೆ ವಿಕೆಟ್ ಇಲ್ಲ. ಕೊನೆಯ ದಿನ ಅದೇ ಪಿಚ್‌ನಲ್ಲಿ ನೇಥನ್ ಲಯನ್ 41ಕ್ಕೆ 4 ತೆಗೆದರು. 209 ರನ್ ಸೋಲು.

ಎರಡು ಫೈನಲ್‌ಗಳಿಂದ "ಇಂಗ್ಲೆಂಡಿನಲ್ಲಿ ಒಬ್ಬ ಸ್ಪಿನ್ನರೋ ಇಬ್ಬರೋ" ಎಂಬ ಸೂತ್ರ ಹುಡುಕಬೇಡಿ. ಸೌತಾಂಪ್ಟನ್ನಿನಲ್ಲಿ ಆಟದ ಕಾಲ ಕಡಿತವಾಗಿತ್ತು, ಓವಲ್‌ನಲ್ಲಿ ಆಟ ಐದನೇ ದಿನಕ್ಕೂ ಹೋಯಿತು. ಐದನೇ ದಿನ ಸಿಗುತ್ತದೆ ಎಂದಾದರೆ ಉತ್ತಮ ಸ್ಪಿನ್ನರ್ ಒಬ್ಬನಿಗಾದರೂ ಜಾಗ ಇರಲೇಬೇಕು, ಎರಡನೆಯವನಿಗೆ ಎದುರಾಳಿಯ ಎಡಗೈ ಬ್ಯಾಟರ್‌ಗಳ ಸಂಖ್ಯೆ ನೋಡಿ. ಓವಲ್‌ನಲ್ಲಿ ಜಡೇಜ ಇದ್ದರು, ನಿಜ. ಆದರೆ ಎಡಗೈ ಸ್ಪಿನ್ನರ್‌ನ ಚೆಂಡು ಎಡಗೈ ಬ್ಯಾಟರ್‌ನ ಒಳಕ್ಕೆ ಬರುತ್ತದೆ. ಹೆಡ್ ಅಂಥವರಿಗೆ ಅದು ಊಟಕ್ಕೆ ಕರೆದ ಹಾಗೆ.

ತ್ರಿಶತಕ ಹೊಡೆದವನನ್ನು ಮುಂದಿನ ಪಂದ್ಯದಲ್ಲೇ ಕೂರಿಸುವ ದೇಶ ಇನ್ನೊಂದು ಇದೆಯೇ? ಕರುಣ್ ನಾಯರ್ ವಿಷಯ ಕೇಳುತ್ತಿದ್ದೇನೆ.
— ದಾವಣಗೆರೆ

ನಿಮ್ಮ ಸಿಟ್ಟಿನಲ್ಲಿ ನಮ್ಮದೂ ಪಾಲಿದೆ, ಆದರೆ ಅಂದಿನ ಲೆಕ್ಕವನ್ನೂ ಹೇಳಲೇಬೇಕು. 2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅದೇ ಇನಿಂಗ್ಸ್‌ನಲ್ಲಿ ರಾಹುಲ್ 199. ಮುಂದಿನ ಟೆಸ್ಟ್ 2017ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ಎದುರು. ಗಾಯದಿಂದ ಹೊರಗಿದ್ದ ಅಜಿಂಕ್ಯ ರಹಾನೆ ವಾಪಸಾದರು. ಗಾಯಗೊಂಡು ಹೋದ ಹಿರಿಯನ ಜಾಗ ಅವನಿಗೇ ಎನ್ನುವುದು ಡ್ರೆಸ್ಸಿಂಗ್ ರೂಮಿನ ಹಳೆಯ ಕಟ್ಟಳೆ. ತಂಡ ಐವರು ಬೌಲರ್‌ಗಳೊಂದಿಗೆ ಆಡುತ್ತಿತ್ತು, ಆದ್ದರಿಂದ ಆರನೇ ಬ್ಯಾಟರ್‌ಗೆ ಜಾಗವಿರಲಿಲ್ಲ. ಆಗ ಕೋಚ್ ಯಾರು ಗೊತ್ತಲ್ಲ? ಕುಂಬ್ಳೆ.

ಕಟ್ಟಳೆಯನ್ನು ನಾವು ಒಪ್ಪುತ್ತೇವೆ. ಒಪ್ಪದಿರುವುದು ಅದರ ಮುಂದಿನದನ್ನು. ಆಸ್ಟ್ರೇಲಿಯಾ ವಿರುದ್ಧ ಕರುಣ್‌ಗೆ ಸಿಕ್ಕ ನಾಲ್ಕು ಇನಿಂಗ್ಸ್‌ಗಳಲ್ಲಿ ರನ್ ಬರಲಿಲ್ಲ, ಸರಿ. ಆದರೆ 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಮೊದಲಿಂದ ತಂಡದ ಜೊತೆಗಿದ್ದವರನ್ನು ಬಿಟ್ಟು, ನಡುವೆ ಬಂದು ಸೇರಿದ ಹನುಮ ವಿಹಾರಿಗೆ ಓವಲ್‌ನಲ್ಲಿ ಚೊಚ್ಚಲ ಟೆಸ್ಟ್ ಟೋಪಿ ಕೊಟ್ಟದ್ದಕ್ಕೆ ಓವರ್‌ಗಳ ಲೆಕ್ಕದಿಂದಾಗಲಿ ಪಿಚ್‌ನಿಂದಾಗಲಿ ಸಮರ್ಥನೆ ಕಷ್ಟ. ವಿಹಾರಿ ಅರ್ಧಶತಕ ಹೊಡೆದರು, ಆದರೂ ಸರದಿ ಎನ್ನುವುದೊಂದಿದೆ. ಕರುಣ್‌ಗೆ ಟೆಸ್ಟ್ ಬಾಗಿಲು ಮತ್ತೆ ತೆರೆದದ್ದು 2025ರ ಜೂನ್‌ನಲ್ಲಿ, ಲೀಡ್ಸ್‌ನಲ್ಲಿ. ನಡುವೆ ಎಂಟು ವರ್ಷ.

2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶಮಿಯನ್ನು ಆಡಿಸಿದ್ದರೆ ಗೆಲ್ಲುತ್ತಿದ್ದೆವು. ಒಪ್ಪುತ್ತೀರಾ?
— ಯಾದಗಿರಿ

ಇಲ್ಲ. ನಾಲ್ಕು ಪಂದ್ಯದಲ್ಲಿ 14 ವಿಕೆಟ್ ಪಡೆದವರನ್ನು ಕೂರಿಸಿದ್ದು ಕಣ್ಣಿಗೆ ಚುಚ್ಚುತ್ತದೆ, ನಿಜ. ಆದರೆ ಅವರ ಬದಲು ಆಡಿದ ಭುವನೇಶ್ವರ್ 43ಕ್ಕೆ 3 ಪಡೆದರು. ನ್ಯೂಜಿಲೆಂಡ್ ಗಳಿಸಿದ್ದು 239. ಬೌಲಿಂಗ್ ತನ್ನ ಕೆಲಸ ಮಾಡಿತ್ತು.

ಓಲ್ಡ್ ಟ್ರಾಫರ್ಡ್‌ನಲ್ಲಿ ರೋಹಿತ್, ರಾಹುಲ್, ಕೊಹ್ಲಿ ತಲಾ ಒಂದು ರನ್. ಮೂರು ವಿಕೆಟಿಗೆ 5, ನಾಲ್ಕಕ್ಕೆ 24. ಮೇಲೆ ತಿಪಟೂರಿನವರಿಗೆ ಹೇಳಿದ ಪ್ರಶ್ನೆ ಬಂದದ್ದು ಇಲ್ಲಿಂದಲೇ. ಆ ಟೂರ್ನಿಯಲ್ಲಿ ನಾಲ್ಕನೇ ಕ್ರಮಾಂಕ ಕೈಯಿಂದ ಕೈಗೆ ಹೋಯಿತು. ಮೊದಲು ರಾಹುಲ್, ಧವನ್ ಹೆಬ್ಬೆರಳು ಮುರಿದ ಮೇಲೆ ರಾಹುಲ್ ಆರಂಭಿಕರಾದರು. ಆಮೇಲೆ ವಿಜಯ್ ಶಂಕರ್, ಅವರಿಗೂ ಗಾಯ. ಬದಲಿಯಾಗಿ ಕರೆಸಿಕೊಂಡದ್ದು ನಮ್ಮ ಮಯಂಕ್ ಅಗರವಾಲ್ ಅವರನ್ನು. ಒಂದು ಪಂದ್ಯವೂ ಆಡಿಸಲಿಲ್ಲ. ಕೊನೆಗೆ ಪಂತ್. ಸೆಮಿಫೈನಲ್ ಹನ್ನೊಂದರಲ್ಲಿ ಗ್ಲೌಸ್ ತೊಡಬಲ್ಲವರು ನಾಲ್ವರಿದ್ದರು, ಮೂರು ವಿಕೆಟ್ ಬಿದ್ದಾಗ ಹೊಸ ಚೆಂಡನ್ನು ತಡೆದು ನಿಲ್ಲುವುದೇ ಕಸುಬಾದ ನಾಲ್ಕನೆಯವರು ಒಬ್ಬರೂ ಇರಲಿಲ್ಲ. ಆ ಕೆಲಸ ಬಲ್ಲ ಧೋನಿ ಏಳನೆಯವರಾಗಿ ಬಂದರು. ಜಡೇಜ 59 ಎಸೆತಗಳಲ್ಲಿ 77 ಹೊಡೆದು ಹತ್ತಿರ ತಂದರೂ 18 ರನ್ ಸಾಲದೆ ಹೋಯಿತು.

ರಾಹುಲ್ ಕೀಪಿಂಗ್ ಮಾಡಿದರೆ ತಂಡಕ್ಕೆ ಏನು ಲಾಭ? ಪೂರ್ಣಾವಧಿ ಕೀಪರ್ ಬೇಡವೇ?
— ಸಾಗರ

ಲಾಭ ಒಂದು ಪೂರ್ತಿ ಜಾಗ. 2003ರಲ್ಲಿ ದ್ರಾವಿಡ್ ಮಾಡಿದ್ದು ಇದನ್ನೇ. ರಾಹುಲ್ ಕಥೆ ಆಕಸ್ಮಿಕವಾಗಿ ಶುರುವಾಯಿತು: 2020ರ ಜನವರಿಯಲ್ಲಿ ವಾಂಖೆಡೆಯಲ್ಲಿ ಕಮಿನ್ಸ್ ಎಸೆತ ಪಂತ್ ಹೆಲ್ಮೆಟ್‌ಗೆ ಬಡಿಯಿತು, ಗ್ಲೌಸ್ ರಾಹುಲ್ ಕೈಗೆ ಬಂತು. ಮುಂದಿನ ಪಂದ್ಯ ರಾಜ್‌ಕೋಟ್‌ನಲ್ಲಿ ಐದನೇ ಕ್ರಮಾಂಕದಲ್ಲಿ 80 ಹೊಡೆದು ಕೀಪಿಂಗನ್ನೂ ಮಾಡಿದರು.

ನಷ್ಟ ಎಲ್ಲಿ ಎಂದರೆ ಸ್ಪಿನ್ನರ್‌ಗಳು ಹೆಚ್ಚಿರುವ ತಂಡದಲ್ಲಿ. ಸ್ಟಂಪ್ಸ್ ಹತ್ತಿರ ನಿಂತು 30–40 ಓವರ್ ಕೂತು ಏಳಬೇಕು. ಒಂದು ಸ್ಟಂಪಿಂಗ್ ತಪ್ಪಿದರೆ ಆ ಜಾಗದ ಲಾಭವೆಲ್ಲ ಹೋಯಿತು. ಹಾಗಾಗಿ ಇಂಥ ಕೀಪರ್‌ನನ್ನು ಆರಂಭಿಕನಾಗಿ ಕಳಿಸಬೇಡಿ, ಐದು ಅಥವಾ ಆರರಲ್ಲಿ ಇಡಿ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೆಯವರಾಗಿ ಸೆಮಿಫೈನಲ್‌ನಲ್ಲಿ ಔಟಾಗದೆ 42, ಫೈನಲ್‌ನಲ್ಲಿ ಔಟಾಗದೆ 34. ಟೆಸ್ಟ್‌ಗೆ ಈ ವ್ಯವಸ್ಥೆ ಬೇಡ. 90 ಓವರ್ ಕೂತೆದ್ದು ಹೊಸ ಚೆಂಡು ಎದುರಿಸುವುದು ಮೈಗೆ ಅತಿಯಾಯಿತು.

ಹಾರ್ದಿಕ್ ಪಾಂಡ್ಯ ಇದ್ದಿದ್ದರೆ 2023ರ ಏಕದಿನ ವಿಶ್ವಕಪ್ ಫೈನಲ್ ನಮ್ಮದೇ ಅಲ್ಲವೇ?
— ಮಂಡ್ಯ

ಪಾಂಡ್ಯ ಪುಣೆಯಲ್ಲಿ ಪಾದದ ಗಂಟು ತಿರುಚಿಕೊಂಡಾಗ ಒಬ್ಬ ಹೋದದ್ದಕ್ಕೆ ಎರಡು ಬದಲಾವಣೆ ಮಾಡಬೇಕಾಯಿತು. ಬ್ಯಾಟಿಂಗಿಗೆ ಸೂರ್ಯಕುಮಾರ್, ಬೌಲಿಂಗಿಗೆ ಶಾರ್ದೂಲ್ ಬದಲು ಶಮಿ. ಅದು ಬಂಪರ್ ಆಯಿತು: ಏಳು ಪಂದ್ಯದಲ್ಲಿ ಶಮಿಗೆ 24 ವಿಕೆಟ್. ಬೆಲೆ ತೆತ್ತದ್ದು ಬಾಲದಲ್ಲಿ. ಏಳನೆಯವರ ನಂತರ ಶಮಿ, ಬೂಮ್ರಾ, ಕುಲದೀಪ್, ಸಿರಾಜ್. ಬ್ಯಾಟ್ ಬೀಸುವ ಎಂಟನೆಯವನಿಲ್ಲದಾಗ ನಡುವಿನವರು ಔಟಾಗಲು ಹೆದರುತ್ತಾರೆ. ಅಹಮದಾಬಾದಿನ ಒಣಗಿದ, ಹಿಂದೆ ಆಡಿದ ಪಿಚ್‌ನಲ್ಲಿ ಮೊದಲ ಹತ್ತು ಓವರಿಗೆ 80 ಬಂದಿದ್ದರೆ, ಉಳಿದ ನಲವತ್ತರಲ್ಲಿ ಬೌಂಡರಿ ಬಂದದ್ದು ನಾಲ್ಕೇ. ರಾಹುಲ್ 107 ಎಸೆತಕ್ಕೆ 66 ಮಾಡಿದ್ದನ್ನು ಬೈಯುವವರು ಅವರ ಹಿಂದೆ ಯಾರಿದ್ದರೆಂದೂ ನೋಡಬೇಕು.

ಸಂಜೆ ಇಬ್ಬನಿ ಬಿದ್ದು ಪಿಚ್ ಮೆತ್ತಗಾಯಿತು. ಹೆಡ್ 137. ಐವರು ಬೌಲರ್‌ಗಳೇ ತಿರುಗಿ ತಿರುಗಿ ಹಾಕಿದರು. ಪಾಂಡ್ಯ ಇದ್ದರೆ 20–30 ರನ್ ಹೆಚ್ಚು ಬರುತ್ತಿತ್ತೆಂದು ಒಪ್ಪೋಣ. ಆದರೆ ಪಾಂಡ್ಯ ಇದ್ದಾಗ ಶಮಿ ಬೆಂಚಿನಲ್ಲಿದ್ದರು ಎನ್ನುವುದನ್ನು ಮರೆಯಬೇಡಿ. ಅಂದಹಾಗೆ ಪಾಂಡ್ಯ ಜಾಗಕ್ಕೆ ತಂಡ ಸೇರಿದ್ದು ನಮ್ಮ ಪ್ರಸಿದ್ಧ ಕೃಷ್ಣ. ಟೂರ್ನಿಯ ತಾಂತ್ರಿಕ ಸಮಿತಿ ಒಪ್ಪಿದ ಮೇಲಷ್ಟೇ ಇಂಥ ಬದಲಿ ಸಾಧ್ಯ. ಗಾಯಾಳುವನ್ನು ಇನ್ನೂ ಎರಡು ಪಂದ್ಯ ಕಾಯೋಣ ಎಂದು ತಂಡಗಳು ಎಳೆದಾಡುವುದು, ಒಮ್ಮೆ ಕೈಬಿಟ್ಟರೆ ಅವನು ಸುಮ್ಮನೆ ಮರಳಿ ಬರುವಂತಿಲ್ಲ ಎಂಬ ಕಾರಣಕ್ಕೆ.

ನಾಲ್ವರು ಸ್ಪಿನ್ನರ್‌ಗಳನ್ನು ಆಡಿಸುವುದು ಹುಚ್ಚಲ್ಲವೇ?
— ವಿಜಯಪುರ

ಆ ನಾಲ್ವರಲ್ಲಿ ಇಬ್ಬರು ಬ್ಯಾಟ್ ಬೀಸಬಲ್ಲವರಾದರೆ ಅಲ್ಲ. ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿಯ 2025ರ ಮಾರ್ಚ್ 2ರ ಪಂದ್ಯದಲ್ಲಿ ಹರ್ಷಿತ್ ರಾಣಾ ಬದಲು ವರುಣ್ ಚಕ್ರವರ್ತಿ ಬಂದು ನ್ಯೂಜಿಲೆಂಡ್ ವಿರುದ್ಧ 42ಕ್ಕೆ 5 ಪಡೆದರು. ಅಕ್ಷರ್ ಐದನೇ ಕ್ರಮಾಂಕ, ಜಡೇಜ ಎಂಟನೇ ಕ್ರಮಾಂಕದಲ್ಲಿ ಇದ್ದದ್ದರಿಂದ ಎಂಟು ಬ್ಯಾಟರ್, ಆರು ಬೌಲರ್ ಆದರು. ಫೈನಲ್‌ನಲ್ಲಿ 50ರಲ್ಲಿ 38 ಓವರ್ ಸ್ಪಿನ್. ಶಮಿ 9, ಪಾಂಡ್ಯ 3. ಅದೇ ಹನ್ನೊಂದನ್ನು ವೇಗಿಗಳ ಸ್ವರ್ಗವಾದ ಪರ್ತ್‌ಗೆ ಒಯ್ದರೆ ಮಾತ್ರ ಹುಚ್ಚು.

ಮಹಿಳಾ ತಂಡದಲ್ಲಿ ಜೆಮಿಮಾ ಅವರನ್ನು ವಿಶ್ವಕಪ್ ನಡುವೆ ಕೈಬಿಟ್ಟಿದ್ದರಂತೆ, ಹೌದೇ? ನಂಬಲಾಗುತ್ತಿಲ್ಲ.
— ಮೂಡುಬಿದಿರೆ

ಹೌದು. 2025ರ ಅಕ್ಟೋಬರ್ 19, ಇಂದೋರ್, ಇಂಗ್ಲೆಂಡ್ ವಿರುದ್ಧ. ಅದುವರೆಗೆ ಐವರೇ ಬೌಲರ್‌ಗಳಿದ್ದು ದೊಡ್ಡ ಮೊತ್ತಗಳನ್ನೂ ಉಳಿಸಿಕೊಳ್ಳಲಾಗುತ್ತಿರಲಿಲ್ಲ. ಆರನೆಯವರಾಗಿ ರೇಣುಕಾ ಸಿಂಗ್ ಬೇಕಾದರು, ಜಾಗ ಬಿಟ್ಟದ್ದು ಜೆಮಿಮಾ ರಾಡ್ರಿಗಸ್. ಭಾರತ ನಾಲ್ಕು ರನ್ನಿನಿಂದ ಸೋತಿತು. ಚರ್ಚೆಯೆಲ್ಲ "ಜೆಮಿಮಾನೋ ಆರನೇ ಬೌಲರೋ" ಎಂದು ನಡೆಯಿತು. ಪ್ರಶ್ನೆಯೇ ತಪ್ಪಾಗಿತ್ತು. ಮೂರನೇ ಕ್ರಮಾಂಕ ಯಾರದು ಎಂದು ಕೇಳಬೇಕಿತ್ತು. ಮುಂದಿನ ಪಂದ್ಯದಲ್ಲಿ ಜೆಮಿಮಾ ಮೂರನೆಯವರಾಗಿ ಬಂದು ಔಟಾಗದೆ 76 ಹೊಡೆದರು. ಸೆಮಿಫೈನಲ್ ಹೊತ್ತಿಗೆ ಹರ್ಲೀನ್ ದೇವಲ್ ಹೊರಗೆ, ಬ್ಯಾಟ್ ಮತ್ತು ಬೌಲ್ ಎರಡೂ ಬಲ್ಲ ಅಮನ್‌ಜೋತ್ ಕೌರ್, ರಾಧಾ ಯಾದವ್ ಒಳಗೆ. ಆರು ಬೌಲರ್ ಸಿಕ್ಕರು, ಜೆಮಿಮಾ ಕೂಡ ಉಳಿದರು. ಆಸ್ಟ್ರೇಲಿಯಾದ 338ನ್ನು ಬೆನ್ನಟ್ಟಿದಾಗ ಅವರದು ಔಟಾಗದೆ 127.

ಅದೇ ಟೂರ್ನಿಯಲ್ಲಿ ಗಾಯಗೊಂಡ ಪ್ರತೀಕಾ ರಾವಲ್ ಬದಲು ಮೀಸಲು ಪಟ್ಟಿಯಲ್ಲೂ ಇಲ್ಲದ ಶಫಾಲಿ ವರ್ಮಾ ಬಂದರು. ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್. ಇದನ್ನು ಆಯ್ಕೆಯ ಜಾಣ್ಮೆ ಎನ್ನಲು ನಮಗೆ ಧೈರ್ಯವಿಲ್ಲ. ಅವರ ಕೈಗೆ ಚೆಂಡು ಕೊಟ್ಟದ್ದು ಮಾತ್ರ ನಾಯಕಿ ಹರ್ಮನ್‌ಪ್ರೀತ್ ಜಾಣ್ಮೆಯೇ.

ಇಂಪ್ಯಾಕ್ಟ್ ಪ್ಲೇಯರ್ ನಿಯಮ ಅಂತರರಾಷ್ಟ್ರೀಯ ಪಂದ್ಯಕ್ಕೂ ಇದೆಯೇ?
— ಕೋಲಾರ

ಇಲ್ಲ. ಪಂದ್ಯದ ನಡುವೆ ಒಬ್ಬನನ್ನು ಕೂರಿಸಿ ಹನ್ನೆರಡನೆಯವನನ್ನು ಇಳಿಸುವ ಅವಕಾಶ ಅಲ್ಲಿಲ್ಲ. ಐಪಿಎಲ್ ನೋಡಿ ಹನ್ನೆರಡು ಜನರ ತಂಡ ಬರೆದು ಕಳಿಸಿದ ಓದುಗರು ಒಂದು ಹೆಸರು ಹೊಡೆದು ಹಾಕಿ.

ತಲೆಗೆ ಪೆಟ್ಟಾದರೆ ಬದಲಿ ಆಟಗಾರ ಬರಬಹುದಲ್ಲ, ಅದರಲ್ಲಿ ಮೋಸ ಮಾಡಲು ಅವಕಾಶವಿಲ್ಲವೇ?
— ಧಾರವಾಡ

ಈ ನಿಯಮ 2019ರ ಆಗಸ್ಟ್‌ನಲ್ಲಿ ಬಂತು. ಲಾರ್ಡ್ಸ್‌ನಲ್ಲಿ ಸ್ಮಿತ್ ಬದಲು ಲಬುಶೇನ್ ಬಂದದ್ದು ಮೊದಲ ಪ್ರಸಂಗ. ಬದಲಿ ಆಟಗಾರ ಹೊರಹೋದವನಂಥವನೇ ಆಗಿರಬೇಕು. ತೀರ್ಮಾನ ಮ್ಯಾಚ್ ರೆಫರಿಯದು. ಜಗಳ ಹುಟ್ಟುವುದು "ಅಂಥವನೇ" ಎಂಬ ಮಾತಿನಲ್ಲಿ. 2020ರ ಕ್ಯಾನ್‌ಬೆರಾದಲ್ಲಿ ಬ್ಯಾಟ್ ಮಾಡಿ ಮುಗಿಸಿದ ಜಡೇಜ ಬದಲು ಚಾಹಲ್ ಬಂದು 25ಕ್ಕೆ 3 ಪಡೆದು ಪಂದ್ಯಶ್ರೇಷ್ಠರಾದರು. ಇಬ್ಬರೂ ಸ್ಪಿನ್ನರ್, ಅದು ನ್ಯಾಯವೇ. 2025ರ ಜನವರಿಯಲ್ಲಿ ಪುಣೆಯ ಟಿ20 ಪಂದ್ಯದಲ್ಲಿ ಶಿವಂ ದುಬೆ ಬದಲು ಹರ್ಷಿತ್ ರಾಣಾ ಬಂದದ್ದು ಹಾಗಲ್ಲ. ಆಗೊಮ್ಮೆ ಈಗೊಮ್ಮೆ ಮಧ್ಯಮ ವೇಗದಲ್ಲಿ ಹಾಕುವ ಬ್ಯಾಟರ್ ಬದಲು ನಾಲ್ಕೂ ಓವರ್ ಹಾಕುವ ವೇಗಿ. ಇಂಗ್ಲೆಂಡ್ ನಾಯಕ ಬಟ್ಲರ್ ಸಿಡಿದದ್ದರಲ್ಲಿ ಅರ್ಥವಿತ್ತು, ನಮ್ಮವರೇ ಗೆದ್ದರೂ ಹೇಳುತ್ತೇವೆ. ಈಗ ಪಂದ್ಯಕ್ಕೆ ಮೊದಲೇ ಕೀಪರ್, ಬ್ಯಾಟರ್, ವೇಗಿ, ಸ್ಪಿನ್ನರ್, ಆಲ್‌ರೌಂಡರ್ ಹೀಗೆ ಐವರು ಬದಲಿಗಳ ಹೆಸರು ಕೊಡಬೇಕು.

ಟಾಸ್ ಸೋತರೆ ಈ ಲೆಕ್ಕವೆಲ್ಲ ನೀರಲ್ಲಿ ಹೋಮವೇ?
— ಶಿರಸಿ

ಟಾಸ್ ಗೆದ್ದರಷ್ಟೇ ನಡೆಯುವ ತಂಡ ಮಾಡಿದ್ದರೆ ಹೌದು. ದುಬೈನಲ್ಲಿ ಆಡಿದ ಆ ಚಾಂಪಿಯನ್ಸ್ ಟ್ರೋಫಿಯಲ್ಲಿ ರೋಹಿತ್ ಐದಕ್ಕೆ ಐದೂ ಟಾಸ್ ಸೋತರು, ಐದಕ್ಕೆ ಐದೂ ಪಂದ್ಯ ಗೆದ್ದರು.